ಪರಿಹಾರದ ಹಣದಲ್ಲಿ ವಿಧವೆಯ ಪಾಲು

 

2025ರ ಜೂನ್ 12, ಗುರುವಾರ. ಅಹಮದಾಬಾದಿನಿಂದ ಲಂಡನ್ನಿಗೆ ಹೊರಟ ಏರ್ ಇಂಡಿಯಾ ವಿಮಾನ ಮೇಲೇರಿದ ಕೆಲವೇ ಕ್ಷಣಗಳಲ್ಲಿ ನೆಲಕ್ಕೆ ಬಿತ್ತು. ಅದರಲ್ಲಿದ್ದ 242 ಜನರಲ್ಲಿ ಒಬ್ಬರು ಮಾತ್ರ ಉಳಿದರು. ನೆಲದ ಮೇಲಿದ್ದವರೂ ಸೇರಿ 260 ಮಂದಿ ತೀರಿಕೊಂಡರು. ಮರುದಿನ ಜುಮಾ. ತುಮಕೂರಿನ ನಮ್ಮ ಮಸೀದಿಯಲ್ಲಿ ಅಗಲಿದವರ ಮನೆಯವರಿಗಾಗಿ ದುಆ ಮಾಡಿದೆವು. ನಮಾಝ್ ಮುಗಿದ ಮೇಲೆ ಗುಬ್ಬಿಯಿಂದ ಬಂದಿದ್ದ ಒಬ್ಬ ಹಿರಿಯರು ನಮ್ಮ ಹತ್ತಿರ ಬಂದು ಕೇಳಿದರು: "ಹಝ್ರತ್, ಕಂಪನಿಯವರು ಅಷ್ಟು ಲಕ್ಷ, ಇಷ್ಟು ಕೋಟಿ ಕೊಡ್ತೀವಿ ಅಂತ ಟಿವಿಲಿ ಹೇಳ್ತಿದ್ದಾರೆ. ಸತ್ತವರ ಮೇಲೆ ಹಣ ತಗೊಳ್ಳೋದು ನಮಗೆ ಸರಿಯಾ? ಅಲ್ಲಾಹ್ ಬರೆದದ್ದು ಆಯ್ತು, ಅದಕ್ಕೆ ಬೆಲೆ ಕಟ್ಟೋದು ಏನು?"

ಆ ಹಿರಿಯರ ಮಗ ಕೊಲ್ಲಿಯಲ್ಲಿ ಕೆಲಸದಲ್ಲಿದ್ದಾನೆ. ಅವರ ಪ್ರಶ್ನೆಯ ಹಿಂದೆ ಭಯವಿತ್ತು, ಭಯದ ಹಿಂದೆ ಈಮಾನಿತ್ತು. ನಾವು ಅವರಿಗೆ ಅಲ್ಲೇ ಎರಡು ಮಾತು ಹೇಳಿ ಕಳಿಸಿದೆವು. ಆದರೆ ಅದು ಎರಡು ಮಾತಿನಲ್ಲಿ ಮುಗಿಯುವ ವಿಷಯವಲ್ಲ. ಮುಂದಿನ ಎರಡು ಜುಮಾಗಳಲ್ಲಿ ಇದರ ಬಗ್ಗೆಯೇ ಖುತ್ಬಾ ಕೊಟ್ಟೆವು. ಅದರ ಸಾರವನ್ನು, ವಕೀಲ ಮಿತ್ರರಿಂದ ಕೇಳಿ ತಿಳಿದ ಕಾನೂನಿನ ಮಾತುಗಳನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇವೆ.

ನಮ್ಮದೇ ಒಂದು ತಪ್ಪು

ಮೊದಲು ನಮ್ಮ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಕುಣಿಗಲ್ ಕಡೆಯ ಒಬ್ಬ ಯುವಕ ಹೆದ್ದಾರಿಯಲ್ಲಿ ಲಾರಿ ಡಿಕ್ಕಿಯಾಗಿ ತೀರಿಕೊಂಡ. ಹೆಂಡತಿ ಚಿಕ್ಕ ವಯಸ್ಸಿನವಳು, ಎರಡು ಹೆಣ್ಣುಮಕ್ಕಳು. ಆಕೆ ಇದ್ದತ್‌ನಲ್ಲಿ ಕುಳಿತಿದ್ದಾಗ ಮನೆಯ ಗಂಡಸರು ಒಂದಷ್ಟು ಕಾಗದ ತಂದು ಸಹಿ ಮಾಡು ಎಂದರು. ಆಕೆ ತವರಿನವರನ್ನು ಕೇಳಿ ಮಾಡುತ್ತೇನೆ ಎಂದಾಗ ಮನಸ್ತಾಪವಾಯಿತು. ಸಮಾಧಾನಕ್ಕೆಂದು ನಮ್ಮನ್ನು ಕರೆದರು. ನಾವು ಹೋಗಿ, ಪರದೆಯ ಆಚೆಯಿಂದ, "ಸಬರ್ ಮಾಡಮ್ಮ, ಹಿರಿಯರು ಹೇಳಿದಂತೆ ನಡೆದುಕೋ" ಎಂದೆವು. ಆಕೆ ಸಹಿ ಹಾಕಿದಳು. ಆ ಕಾಗದ ಏನು ಎಂದು ನಾವು ಕೇಳಲಿಲ್ಲ, ಓದಲೂ ಇಲ್ಲ.

ಅದು ಪರಿಹಾರದ ಹಣವನ್ನು ಮೈದುನನ ಕೈಗೆ ಒಪ್ಪಿಸುವ ಕಾಗದವಾಗಿತ್ತು. ಆ ಹಣದಿಂದ ಮನೆಯ ಮೇಲೆ ಇನ್ನೊಂದು ಅಂತಸ್ತು ಎದ್ದಿತು. ಆಕೆ ತವರಿಗೆ ಹೋಗಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದಳು. ಅಹಮದಾಬಾದಿನ ದುರಂತದ ಬಗ್ಗೆ ನಾವು ಖುತ್ಬಾ ಕೊಟ್ಟೆವೆಂದು ಕೇಳಿ ಆಕೆ ತನ್ನ ಅಣ್ಣನ ಜೊತೆ ಬಂದು ಒಂದೇ ಮಾತು ಹೇಳಿದಳು: "ಹಝ್ರತ್, ಅವತ್ತು ನೀವು ಸಬರ್ ಮಾಡು ಅಂದ್ರಿ. ನನ್ನ ಮಕ್ಕಳ ಪಾಲು ಎಲ್ಲಿ ಅಂತ ಯಾಕೆ ಕೇಳಲಿಲ್ಲ?"

ನಮ್ಮಲ್ಲಿ ಉತ್ತರವಿರಲಿಲ್ಲ. ಈ ಲೇಖನ ಬರೆಯಲು ಆ ಪ್ರಶ್ನೆಯೇ ಕಾರಣ. ಲಾರಿಯಿಂದಾಗಲಿ ವಿಮಾನದಿಂದಾಗಲಿ ಮನೆಯ ಆಸರೆ ಹೋದಾಗ ಬರುವ ಹಣ ಯಾರ ಹಕ್ಕು, ಅದನ್ನು ಹೇಗೆ ಪಡೆಯಬೇಕು, ಹೇಗೆ ಹಂಚಬೇಕು ಎಂಬುದನ್ನು ಸಾವು ಬಾಗಿಲಿಗೆ ಬರುವ ಮೊದಲೇ ನಾವೆಲ್ಲ ತಿಳಿದಿರಬೇಕು.

ಮಂಗಳೂರು ನಮಗೆ ಕಲಿಸಿದ್ದು

ವಿಮಾನ ದುರಂತದ ಪರಿಹಾರ ಎಂದರೆ ಏನು ಎಂಬುದನ್ನು ಕನ್ನಡ ನಾಡಿನ ಮುಸ್ಲಿಮ್ ಕುಟುಂಬಗಳು ಬಹಳ ಕಷ್ಟಪಟ್ಟು ಕಲಿತದ್ದು ಮಂಗಳೂರಿನಲ್ಲಿ. 2010ರ ಮೇ 22, ಶನಿವಾರ ಬೆಳಿಗ್ಗೆ ಆರು ಗಂಟೆಯ ಸುಮಾರಿಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇಯಲ್ಲಿ ನಿಲ್ಲಲಾಗದೆ ಗುಡ್ಡದ ಅಂಚು ದಾಟಿ ಕಣಿವೆಗೆ ಬಿದ್ದು ಹೊತ್ತಿ ಉರಿಯಿತು. 166 ಜನರಲ್ಲಿ 158 ಮಂದಿ ಸತ್ತರು, 8 ಮಂದಿ ಉಳಿದರು. ಹೆಚ್ಚಿನವರು ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಕಡೆಯವರು. ರಜೆಗೆ, ಮದುವೆಗೆ, ಮನೆಯವರನ್ನು ನೋಡಲಿಕ್ಕೆಂದು ಬರುತ್ತಿದ್ದ ದುಡಿಮೆಗಾರರು. ಗುರುತು ಸಿಗದ ದೇಹಗಳಿಗೆ ಡಿಎನ್‌ಎ ಪರೀಕ್ಷೆ ನಡೆಯಿತು. ಕೊನೆಗೂ ಗುರುತಾಗದೆ ಉಳಿದ 12 ದೇಹಗಳನ್ನು ಕೂಳೂರಿನ ಬಳಿ ಫಲ್ಗುಣಿ ನದಿಯ ದಡದಲ್ಲಿ ಮಣ್ಣು ಮಾಡಿದರು.

ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆಯವರ ನೇತೃತ್ವದ ತನಿಖಾ ನ್ಯಾಯಾಲಯ ಕಾರಣವನ್ನು ಹುಡುಕಿತು. ವಿಮಾನ ಸರಿಯಾದ ಎತ್ತರ, ವೇಗದಲ್ಲಿ ಇಳಿಯುತ್ತಿಲ್ಲವೆಂದು ಗೊತ್ತಿದ್ದೂ ಕ್ಯಾಪ್ಟನ್ ಇಳಿಸುವುದನ್ನು ಬಿಡಲಿಲ್ಲ. ಮೇಲೇರಿ ಇನ್ನೊಂದು ಸುತ್ತು ಹಾಕೋಣ ಎಂದು ಸಹ ಪೈಲಟ್ ಮೂರು ಬಾರಿ ಹೇಳಿದ್ದರು. ಯಂತ್ರವೂ ಎಚ್ಚರಿಕೆ ಕೊಡುತ್ತಿತ್ತು. ಗುಬ್ಬಿಯ ಹಿರಿಯರ ಪ್ರಶ್ನೆಗೆ ಮೊದಲ ಉತ್ತರ ಇಲ್ಲಿದೆ. ಸಾವು ಅಲ್ಲಾಹನು ಬರೆದದ್ದೇ ಸರಿ. ಆದರೆ ಮನುಷ್ಯ ಮಾಡಿದ ಲೋಪಕ್ಕೆ ಮನುಷ್ಯನೇ ಹೊಣೆ. ತಖ್ದೀರಿನ ಮೇಲೆ ನಂಬಿಕೆ ಇದೆ ಎಂದು ಲೋಪ ಮಾಡಿದವನ ಹೊಣೆಯನ್ನು ಅಳಿಸಿಬಿಡಲು ನಮಗೆ ಯಾರೂ ಹೇಳಿಲ್ಲ.

ದುರಂತವಾದ ಕೂಡಲೇ ಕಂಪನಿ ಮಧ್ಯಂತರ ಪರಿಹಾರ ಪ್ರಕಟಿಸಿತು. ಮೃತರಲ್ಲಿ 12 ವರ್ಷ ಮೀರಿದವರಿಗೆ 10 ಲಕ್ಷ, ಅದಕ್ಕಿಂತ ಚಿಕ್ಕವರಿಗೆ 5 ಲಕ್ಷ ರೂಪಾಯಿ. ಪ್ರಧಾನಿಯವರ ನಿಧಿಯಿಂದ ಮೃತರ ಕುಟುಂಬಗಳಿಗೆ ತಲಾ 2 ಲಕ್ಷ. ಎಷ್ಟೋ ಮನೆಗಳಲ್ಲಿ ಅದೇ ಪರಿಹಾರ ಎಂದು ತಿಳಿದರು. ಅದು ಪರಿಹಾರವಲ್ಲ. ಮನೆಯಲ್ಲಿ ಒಲೆ ಆರದಿರಲಿ ಎಂದು ಕೊಡುವ ಮುಂಗಡ. ಅದನ್ನು ತೆಗೆದುಕೊಂಡರೆ ಪೂರ್ಣ ಪರಿಹಾರದ ಹಕ್ಕು ಹೋಗುವುದಿಲ್ಲ. ಕೊನೆಯ ಮೊತ್ತದಲ್ಲಿ ಅದನ್ನು ಕಳೆಯುತ್ತಾರೆ, ಅಷ್ಟೆ.

ಕಾನೂನು ಏನು ಹೇಳುತ್ತದೆ

ದೇಶದಿಂದ ದೇಶಕ್ಕೆ ಹಾರುವ ವಿಮಾನಗಳ ಅಪಘಾತಕ್ಕೆ 1999ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಆದ ಒಂದು ಒಪ್ಪಂದ ಅನ್ವಯಿಸುತ್ತದೆ. ಭಾರತ ಅದನ್ನು 2009ರಲ್ಲಿ ಒಪ್ಪಿ, 1972ರ ವಾಯು ಸಾರಿಗೆ ಕಾಯ್ದೆಗೆ ತಿದ್ದುಪಡಿ ತಂದಿತು. ಅದಕ್ಕೂ ಹಿಂದಿನ ನಿಯಮಗಳಲ್ಲಿ ಪರಿಹಾರದ ಮಿತಿ ಬಹಳ ಕಡಿಮೆ ಇತ್ತು. ಒಪ್ಪಂದ ನಮ್ಮ ದೇಶಕ್ಕೆ ಜಾರಿಯಾದ ಒಂದು ವರ್ಷದೊಳಗೆ ಮಂಗಳೂರಿನ ದುರಂತವಾಯಿತು.

ಒಪ್ಪಂದದ ಮುಖ್ಯ ಮಾತು ಎರಡು ಹಂತದ್ದು. ಒಂದು ಮಿತಿಯವರೆಗೆ ಕಂಪನಿ "ನಮ್ಮ ತಪ್ಪಿಲ್ಲ" ಎಂದು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ಕುಟುಂಬದವರು ಕಂಪನಿಯ ತಪ್ಪನ್ನು ಸಾಬೀತು ಮಾಡಬೇಕಾಗಿಲ್ಲ, ತಮಗಾದ ನಷ್ಟವನ್ನು ಮಾತ್ರ ತೋರಿಸಬೇಕು. ಆ ಮಿತಿಯನ್ನೂ ಮೀರಿ ನಷ್ಟವಾಗಿದ್ದರೆ ಹೆಚ್ಚಿನದನ್ನೂ ಕೇಳಬಹುದು. ಅಲ್ಲಿ ಕಂಪನಿ ತನ್ನ ನಿರ್ಲಕ್ಷ್ಯ ಇರಲಿಲ್ಲವೆಂದು ತಾನೇ ಸಾಬೀತು ಮಾಡಿದರೆ ಮಾತ್ರ ಬಿಡುಗಡೆ.

ಈ ಮಿತಿಯನ್ನು ರೂಪಾಯಿಯಲ್ಲಿ ಹೇಳುವುದಿಲ್ಲ. ಅಂತರರಾಷ್ಟ್ರೀಯ ಹಣಕಾಸು ನಿಧಿಯ ಎಸ್‌ಡಿಆರ್ ಎಂಬ ಲೆಕ್ಕದ ನಾಣ್ಯದಲ್ಲಿ ಹೇಳುತ್ತಾರೆ. ಮೂಲ ಒಪ್ಪಂದದಲ್ಲಿ ಅದು 1 ಲಕ್ಷ ಎಸ್‌ಡಿಆರ್. ಮಂಗಳೂರು ದುರಂತದ ಕಾಲಕ್ಕೆ ಸುಮಾರು 75 ಲಕ್ಷ ರೂಪಾಯಿ ಎಂದು ಲೆಕ್ಕ ಹಾಕಿದ್ದರು. ಮಿತಿಯನ್ನು ಕಾಲಕಾಲಕ್ಕೆ ಏರಿಸುತ್ತಾರೆ. 2024ರ ಡಿಸೆಂಬರ್ 28ರಿಂದ ಒಪ್ಪಂದದ ಪ್ರಕಾರ ಅದು 1,51,880 ಎಸ್‌ಡಿಆರ್. ವಿನಿಮಯ ದರ ನೋಡಿ ಹೇಳುವುದಾದರೆ ಒಂದೂಮುಕ್ಕಾಲು ಕೋಟಿ ರೂಪಾಯಿಗೂ ಹೆಚ್ಚು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. "ವಿಮಾನದಲ್ಲಿ ಸತ್ತರೆ ಇಷ್ಟು ಖಂಡಿತ ಬರುತ್ತದೆ" ಎಂದು ಜನ ಹೇಳುತ್ತಾರೆ. ಈ ವಾದ ಕೇರಳ ಹೈಕೋರ್ಟಿನವರೆಗೂ ಹೋಯಿತು. ಕಾಸರಗೋಡು ಜಿಲ್ಲೆಯ ಒಬ್ಬ ತಂದೆ, ಮಂಗಳೂರಿನಲ್ಲಿ ಮಗನನ್ನು ಕಳೆದುಕೊಂಡವರು, ಅರ್ಜಿ ಹಾಕಿದರು. 2011ರ ಜುಲೈನಲ್ಲಿ ಏಕಸದಸ್ಯ ಪೀಠ ಪ್ರತಿ ಕುಟುಂಬಕ್ಕೂ ಕನಿಷ್ಠ 1 ಲಕ್ಷ ಎಸ್‌ಡಿಆರ್ ಸಲ್ಲಬೇಕು ಎಂದಿತು. ಆಗಸ್ಟಿನಲ್ಲಿ ವಿಭಾಗೀಯ ಪೀಠ ಅದನ್ನು ತಳ್ಳಿಹಾಕಿ, ಆ ಮೊತ್ತ ಕನಿಷ್ಠವಲ್ಲ, ತಪ್ಪು ಸಾಬೀತು ಮಾಡದೆಯೇ ಕೇಳಬಹುದಾದ ಗರಿಷ್ಠ, ಪ್ರತಿ ಕುಟುಂಬವೂ ತನ್ನ ನಷ್ಟವನ್ನು ತೋರಿಸಬೇಕು ಎಂದಿತು. ಒಂದೇ ವಿಮಾನದಲ್ಲಿ, ಅಕ್ಕಪಕ್ಕದ ಸೀಟಿನಲ್ಲಿ ಸತ್ತ ಇಬ್ಬರ ಮನೆಗಳಿಗೆ ಬೇರೆ ಬೇರೆ ಮೊತ್ತ ಬರುವುದು ಇದರಿಂದಲೇ.

ನಷ್ಟದ ಲೆಕ್ಕ ಹೇಗೆ

ನಷ್ಟ ಎಂದರೆ ಮನುಷ್ಯನ ಬೆಲೆಯಲ್ಲ. ಅದನ್ನು ಯಾರೂ ಕಟ್ಟಲಾರರು. ಆತ ಬದುಕಿದ್ದರೆ ಮನೆಗೆ ಎಷ್ಟು ತಂದು ಹಾಕುತ್ತಿದ್ದ ಎಂಬುದರ ಲೆಕ್ಕ. ರಸ್ತೆ ಅಪಘಾತಗಳಿಗಾಗಿ ಸುಪ್ರೀಂ ಕೋರ್ಟ್ 2009 ಮತ್ತು 2017ರ ತೀರ್ಪುಗಳಲ್ಲಿ ಒಂದು ಕ್ರಮ ಹಾಕಿಕೊಟ್ಟಿದೆ. ವಿಮಾನ ದುರಂತದ ದಾವೆಯಲ್ಲೂ ಅದೇ ದಾರಿ ಹಿಡಿದಿದ್ದಾರೆ.

ಒಂದು ಉದಾಹರಣೆ ನೋಡೋಣ. 35 ವರ್ಷದ ಒಬ್ಬ ಕೆಲಸಗಾರ, ತಿಂಗಳಿಗೆ 40,000 ರೂಪಾಯಿ ದುಡಿಯುತ್ತಿದ್ದ. ವರ್ಷಕ್ಕೆ 4.80 ಲಕ್ಷ. ಕಾಯಂ ನೌಕರಿಯಲ್ಲದಿದ್ದರೆ ಮುಂದಿನ ದಿನಗಳ ಏರಿಕೆಗೆಂದು ನೂರಕ್ಕೆ 40 ಸೇರಿಸುತ್ತಾರೆ, 6.72 ಲಕ್ಷವಾಯಿತು. ಹೆಂಡತಿ, ಇಬ್ಬರು ಮಕ್ಕಳು, ತಾಯಿ, ಹೀಗೆ ನಾಲ್ವರು ಅವಲಂಬಿತರಿದ್ದರೆ ಅವನ ಸ್ವಂತ ಖರ್ಚಿಗೆಂದು ಕಾಲುಭಾಗ ಕಳೆಯುತ್ತಾರೆ, 5.04 ಲಕ್ಷ ಉಳಿಯಿತು. ಅವನ ವಯಸ್ಸಿಗೆ ಗುಣಕ 16. ಗುಣಿಸಿದರೆ 80.64 ಲಕ್ಷ ರೂಪಾಯಿ. ಇದರ ಮೇಲೆ ಸಣ್ಣ ಪುಟ್ಟ ಬಾಬ್ತುಗಳು.

ಈಗ ಅದೇ ಮನೆಯವರ ಬಳಿ 20,000 ರೂಪಾಯಿಯ ಸಂಬಳಕ್ಕೆ ಮಾತ್ರ ಕಾಗದವಿದೆ ಎಂದುಕೊಳ್ಳಿ. ಉಳಿದದ್ದು ಕೈಯಲ್ಲಿ ಕೊಡುತ್ತಿದ್ದರು, ಯಾರದೋ ಮೂಲಕ ಊರಿಗೆ ಬರುತ್ತಿತ್ತು. ಆಗ ಲೆಕ್ಕ 40.32 ಲಕ್ಷಕ್ಕೆ ಇಳಿಯುತ್ತದೆ. ಒಂದು ಕಾಗದ ಇಲ್ಲದ್ದರಿಂದ ಯತೀಮ್ ಮಕ್ಕಳ ನಲವತ್ತು ಲಕ್ಷ ಹೋಯಿತು. ಆದ್ದರಿಂದ ಪರದೇಶದಲ್ಲಿ ದುಡಿಯುವ ಮಕ್ಕಳಿಗೆ ನಮ್ಮ ಮಾತು ಇಷ್ಟೇ: ಸಂಬಳ ಬ್ಯಾಂಕಿನ ಮೂಲಕ ಬರಲಿ, ಊರಿಗೂ ಬ್ಯಾಂಕಿನ ಮೂಲಕ ಹೋಗಲಿ. ಕೆಲಸದ ಕರಾರು, ಸಂಬಳದ ಪತ್ರ, ವೀಸಾ, ಪಾಸ್‌ಪೋರ್ಟಿನ ಪ್ರತಿಗಳು ಹೆಂಡತಿಯ ಬಳಿ ಇರಲಿ.

ಮಂಗಳೂರು ದುರಂತದ ಒಂದು ದಾವೆ ಸುಪ್ರೀಂ ಕೋರ್ಟಿನಲ್ಲಿ ಮುಗಿದದ್ದು 2020ರ ಮಾರ್ಚ್ 3ರಂದು, ಹೆಚ್ಚುಕಡಿಮೆ ಹತ್ತು ವರ್ಷದ ಮೇಲೆ. ಮೃತರು ಕೊಲ್ಲಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಹೆಂಡತಿ ಮಕ್ಕಳು ರಾಷ್ಟ್ರೀಯ ಗ್ರಾಹಕ ಆಯೋಗಕ್ಕೆ ಹೋಗಿ 7.35 ಕೋಟಿ ರೂಪಾಯಿಯ ಆದೇಶ ಪಡೆದಿದ್ದರು. ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಅಜಯ್ ರಸ್ತೋಗಿಯವರ ಪೀಠ ಅದನ್ನು ಸುಮಾರು 7.64 ಕೋಟಿಗೆ ಏರಿಸಿತು. ಮಾಲೀಕರು ಸಂಬಳವನ್ನು ಮೂಲ ವೇತನ, ಭತ್ಯೆ ಎಂದು ಹಲವು ಹೆಸರಿನಲ್ಲಿ ಒಡೆದು ಕೊಟ್ಟಿದ್ದರೂ, ಸತ್ತವರ ಆದಾಯ ಲೆಕ್ಕ ಹಾಕುವಾಗ ಅವರಿಗೆ ಸಲ್ಲುತ್ತಿದ್ದದ್ದನ್ನೆಲ್ಲ ನೋಡಬೇಕು ಎಂಬುದು ಆ ತೀರ್ಪಿನ ತಿರುಳು. ಕೊಲ್ಲಿಯ ಕರಾರುಗಳಲ್ಲಿ ಮೂಲ ವೇತನ ಕಡಿಮೆ, ಭತ್ಯೆ ಹೆಚ್ಚು ಎಂಬುದು ನಮ್ಮ ಹುಡುಗರಿಗೆಲ್ಲ ಗೊತ್ತು. ಈ ತೀರ್ಪು ಅವರ ಮನೆಯವರಿಗೂ ಆಸರೆ.

ಶರೀಅತ್ತಿನ ದಿಯತ್ ನೂರು ಒಂಟೆ. ಕೂಲಿಯವನು ಸತ್ತರೂ ಅಷ್ಟೇ, ದೊಡ್ಡ ವ್ಯಾಪಾರಿ ಸತ್ತರೂ ಅಷ್ಟೇ. ಇಂದಿನ ಕಾನೂನು ಸಂಬಳ ನೋಡುತ್ತದೆ. ಎರಡರ ಲೆಕ್ಕ ಬೇರೆ ಬೇರೆ ಎಂಬುದನ್ನು ಬಲ್ಲವರಾಗಿಯೇ, ನಾವಿರುವ ದೇಶದ ಕಾನೂನು ಕೊಡುವ ಹಕ್ಕನ್ನು ನ್ಯಾಯವಾಗಿ ಪಡೆಯುವುದರಲ್ಲಿ ತಪ್ಪಿಲ್ಲ.

ಅವಧಿ, ಸಹಿ, ವಕೀಲರು

ಮಾಂಟ್ರಿಯಲ್ ಒಪ್ಪಂದದಲ್ಲಿ ದಾವೆ ಹೂಡಲು 2 ವರ್ಷ ಮಾತ್ರ ಅವಧಿ. ವಿಮಾನ ತಲುಪಿದ ಅಥವಾ ತಲುಪಬೇಕಾಗಿದ್ದ ದಿನದಿಂದ ಎಣಿಕೆ. ಅದು ದಾಟಿದರೆ ಹಕ್ಕೇ ಅಳಿದುಹೋಗುತ್ತದೆ. ಕಂಪನಿಯವರ ಜೊತೆ ಮಾತುಕತೆ ನಡೆಯುತ್ತಿದೆ ಎಂದು ಕಾಯುತ್ತ ಕೂತರೆ ಅವಧಿ ನಿಲ್ಲುವುದಿಲ್ಲ.

ನಮ್ಮ ಕಡೆ ಆಕಾಶಕ್ಕಿಂತ ರಸ್ತೆಯೇ ಹೆಚ್ಚು ಜೀವ ತೆಗೆಯುತ್ತದೆ. ತುಮಕೂರಿನ ಬಳಿ ಪುಣೆಯ ಹೆದ್ದಾರಿ, ಕುಣಿಗಲ್ ಮೇಲೆ ಮಂಗಳೂರಿನ ಹೆದ್ದಾರಿ. ರಸ್ತೆ ಅಪಘಾತದ ಪರಿಹಾರಕ್ಕೆ 6 ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ನಿಯಮ 2022ರ ಏಪ್ರಿಲ್ 1ರಿಂದ ಬಂದಿದೆ. ಅದರ ಬಗ್ಗೆ ನ್ಯಾಯಾಲಯಗಳಲ್ಲಿ ವಾದ ನಡೆದಿದ್ದರೂ, ಆರು ತಿಂಗಳೊಳಗೆ ಹಾಕಿಬಿಡುವುದೇ ಕ್ಷೇಮ. ವಿಧವೆಯ ಇದ್ದತ್ ನಾಲ್ಕು ತಿಂಗಳು ಹತ್ತು ದಿನ, ಗರ್ಭಿಣಿಯಾಗಿದ್ದರೆ ಹೆರಿಗೆಯಾಗುವವರೆಗೆ. ಇದ್ದತ್ ಮುಗಿಯಲಿ, ಆಮೇಲೆ ನೋಡೋಣ ಎಂದರೆ ಆರು ತಿಂಗಳಲ್ಲಿ ಹೆಚ್ಚಿನ ಭಾಗ ಹೋಗಿರುತ್ತದೆ. ಇದ್ದತ್ ಆಕೆಯ ಹಕ್ಕನ್ನು ಕಾಯಲು ಅಡ್ಡಿಯಲ್ಲ. ವಕೀಲರು ಮನೆಗೆ ಬಂದು ಮಹ್ರಮರ ಎದುರು ಕಾಗದ ಓದಿ ತಿಳಿಸಬಹುದು. ಅನಿವಾರ್ಯವಾದರೆ ಹಗಲು ಹೊತ್ತು ಹೊರಗೆ ಹೋಗಲು ಉಲಮಾಗಳು ಅನುಮತಿ ಕೊಟ್ಟಿದ್ದಾರೆ. ಇದ್ದತ್ತಿನ ಹೆಸರಿನಲ್ಲಿ ಅವಳ ಸಹಿಯನ್ನು ಬೇರೆಯವರ ಕೈಗೆ ಕೊಡಬೇಡಿ.

ಸಹಿಯ ವಿಷಯದಲ್ಲಿ ಮೂರು ಎಚ್ಚರಿಕೆ. ಮಧ್ಯಂತರ ಪರಿಹಾರಕ್ಕೆ ಸಹಿ ಹಾಕುವಾಗ ಅದು ಮುಂಗಡ ಎಂದು ಬರೆದಿದೆಯೇ ನೋಡಿ. "ಪೂರ್ಣ ಮತ್ತು ಅಂತಿಮ" ಎಂಬ ಮಾತಿದ್ದರೆ ವಕೀಲರಿಗೆ ತೋರಿಸದೆ ಸಹಿ ಬೇಡ, ಆಮೇಲೆ ಮತ್ತೇನೂ ಕೇಳಲಾಗದು. ಎರಡನೆಯದು, ಅಣ್ಣ ತಮ್ಮ ಯಾರೇ ಆಗಲಿ, ಹಣ ಪಡೆಯುವ ಮುಖ್ತಿಯಾರ್ ಪತ್ರ ಬರೆದುಕೊಡುವ ಮೊದಲು ನೂರು ಸಲ ಯೋಚಿಸಿ. ಹಣ ವಿಧವೆಯ ಸ್ವಂತ ಖಾತೆಗೇ ಬರಲಿ. ಮೂರನೆಯದು, ಬಂದ ಮೊತ್ತದಲ್ಲಿ ನೂರಕ್ಕೆ ಇಷ್ಟು ಎಂದು ಪಾಲು ಕೇಳುವ ವಕೀಲರಿಂದ ದೂರವಿರಿ. ಗೆದ್ದ ಹಣದಲ್ಲಿ ಪಾಲು ಪಡೆಯುವುದನ್ನು ಭಾರತದ ವಕೀಲರ ಪರಿಷತ್ತಿನ ನಿಯಮಗಳೇ ನಿಷೇಧಿಸಿವೆ.

ಹಣವಿಲ್ಲದೆ ವಕೀಲರೆಲ್ಲಿ ಎನ್ನಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವು ಸಿಗುತ್ತದೆ. ತುಮಕೂರಿನಲ್ಲಿ ಜಿಲ್ಲಾ ಪ್ರಾಧಿಕಾರ, ಗುಬ್ಬಿ ಮತ್ತು ಕುಣಿಗಲ್‌ನಲ್ಲಿ ತಾಲ್ಲೂಕು ಸಮಿತಿ, ಎಲ್ಲವೂ ನ್ಯಾಯಾಲಯದ ಆವರಣದಲ್ಲೇ. ದಾವೆಯನ್ನು ಸಿವಿಲ್ ನ್ಯಾಯಾಲಯದಲ್ಲಿ ಹೂಡಬಹುದು, ಗ್ರಾಹಕ ಆಯೋಗಕ್ಕೂ ಹೋಗಬಹುದು. 2019ರ ಗ್ರಾಹಕ ಕಾಯ್ದೆಯಲ್ಲಿ ಯಾವ ಮಟ್ಟದ ಆಯೋಗ ಎಂಬುದು ನಾವು ಕೊಟ್ಟ ಟಿಕೆಟ್ಟಿನ ಹಣದ ಮೇಲೆ ನಿರ್ಧಾರವಾಗುತ್ತದೆ, ಕೇಳುವ ಪರಿಹಾರದ ಮೇಲೆ ಅಲ್ಲ. ಎಲ್ಲಿ ಹೂಡಿದರೆ ಒಳ್ಳೆಯದು ಎಂಬುದನ್ನು ಅನುಭವಿ ವಕೀಲರನ್ನು ಕೇಳಿ.

ಶರೀಅತ್ತಿನ ಮಾತು

ಈಗ ಗುಬ್ಬಿಯ ಹಿರಿಯರ ಪ್ರಶ್ನೆಗೆ ಪೂರ್ಣ ಉತ್ತರ. ತಪ್ಪಿ ಆದ ಸಾವಿಗೂ ಮೃತರ ಮನೆಯವರಿಗೆ ದಿಯತ್ ಒಪ್ಪಿಸಬೇಕೆಂದು ಅಲ್ಲಾಹನೇ ಅನ್ನಿಸಾ ಅಧ್ಯಾಯದಲ್ಲಿ ವಿಧಿಸಿದ್ದಾನೆ. ಮನೆಯವರು ಇಷ್ಟಪಟ್ಟು ಮಾಫಿ ಮಾಡಿದರೆ ಅದು ಬೇರೆ. ಅಂದಮೇಲೆ ಜೀವ ಹೋದದ್ದಕ್ಕೆ ಹಣ ಪಡೆಯುವುದು ನಮ್ಮ ದೀನಿಗೆ ಹೊಸದಲ್ಲ, ನಾಚಿಕೆಯದೂ ಅಲ್ಲ. ಬೆಂಕಿಯಲ್ಲಿ ಸತ್ತ ಮೂಮಿನನಿಗೆ ಶಹೀದನ ದರ್ಜೆ ಇದೆಯೆಂದು ಪ್ರವಾದಿ(ಸ) ತಿಳಿಸಿದ್ದಾರೆ. ಆ ದರ್ಜೆ ಅವನಿಗೆ ಆಖಿರತ್ತಿನಲ್ಲಿ. ಅವನ ಮಕ್ಕಳ ಅನ್ನ ಈ ದುನಿಯಾದಲ್ಲಿ ಆಗಬೇಕಲ್ಲ.

ಮಾಫಿಯ ಬಗ್ಗೆಯೂ ಒಂದು ಮಾತು. ಮಾಫಿ ಮಾಡುವುದು ದೊಡ್ಡ ಗುಣ. ಆದರೆ ತನ್ನ ಪಾಲನ್ನು ಮಾತ್ರ ಮಾಫಿ ಮಾಡಬಹುದು. ಯತೀಮ್ ಮಕ್ಕಳ ಪಾಲನ್ನು ಮಾಫಿ ಮಾಡಲು ಅಜ್ಜನಿಗೂ ಹಕ್ಕಿಲ್ಲ, ಚಿಕ್ಕಪ್ಪನಿಗೂ ಇಲ್ಲ, ಇಮಾಮನಿಗಂತೂ ಇಲ್ಲವೇ ಇಲ್ಲ.

ಇನ್ನು ಹಂಚಿಕೆ. ಹಝ್ರತ್ ಉಮರ್(ರ) ಖಲೀಫರಾಗಿದ್ದಾಗ ಒಂದು ಅಭಿಪ್ರಾಯ ಇಟ್ಟುಕೊಂಡಿದ್ದರು. ದಿಯತ್ ಗಂಡನ ಕಡೆಯ ಬಂಧುಗಳದ್ದು, ಹೆಂಡತಿಗೆ ಅದರಲ್ಲಿ ಮೀರಾಸ್ ಇಲ್ಲ ಎಂದು. ಆಗ ಝಹ್ಹಾಕ್ ಬಿನ್ ಸುಫ್ಯಾನ್(ರ) ಎಂಬ ಸಹಾಬಿ ಮುಂದೆ ಬಂದು, ಅಶ್ಯಮ್ ಎಂಬವರ ಹೆಂಡತಿಗೆ ಅವರ ದಿಯತ್‌ನಲ್ಲಿ ಪಾಲು ಕೊಡಬೇಕೆಂದು ಪ್ರವಾದಿ(ಸ) ತನಗೆ ಪತ್ರ ಬರೆದು ತಿಳಿಸಿದ್ದರು ಎಂದರು. ಉಮರ್(ರ) ಅಲ್ಲೇ ತಮ್ಮ ಅಭಿಪ್ರಾಯ ಬಿಟ್ಟರು. ಅಬೂದಾವೂದ್, ತಿರ್ಮಿದಿ ಗ್ರಂಥಗಳಲ್ಲಿ ಈ ವರದಿ ಇದೆ.

ಸಹೋದರರೇ, ಸ್ವಲ್ಪ ಯೋಚಿಸಿ. ಉಮರ್(ರ)ರಂಥವರು ಒಬ್ಬ ವಿಧವೆಯ ಪಾಲಿನ ಮುಂದೆ ತಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಂಡರು. ನಮ್ಮ ಊರುಗಳಲ್ಲಿ "ಅವಳು ನಾಳೆ ಇನ್ನೊಂದು ನಿಕಾಹ್ ಮಾಡಿಕೊಂಡು ಹೋಗುತ್ತಾಳೆ, ಅವಳಿಗ್ಯಾಕೆ" ಎಂದು ಹೇಳುವವರಿದ್ದಾರೆ. ಅವಳು ಮತ್ತೆ ನಿಕಾಹ್ ಮಾಡಿಕೊಂಡರೂ ಸತ್ತ ಗಂಡನಿಂದ ಬಂದ ಮೀರಾಸ್ ಅವಳದ್ದೇ.

ಮೀರಾಸಿನಂತೆ ಹಂಚುವುದಾದರೆ ಮೊದಲು ಮೃತನ ಸಾಲ ತೀರಬೇಕು. ಹೆಂಡತಿಗೆ ಕೊಡದೆ ಉಳಿದ ಮಹರ್ ಕೂಡ ಸಾಲವೇ. ಆಮೇಲೆ ಮಕ್ಕಳಿದ್ದರೆ ಹೆಂಡತಿಗೆ ಎಂಟನೇ ಒಂದು, ತಂದೆ ತಾಯಿಗೆ ತಲಾ ಆರನೇ ಒಂದು, ಉಳಿದದ್ದು ಮಕ್ಕಳಿಗೆ. ಆದರೆ ಇಂದಿನ ನ್ಯಾಯಾಲಯಗಳು ಅವಲಂಬನೆ ನೋಡಿ ಹೆಂಡತಿಗಿಷ್ಟು, ಮಕ್ಕಳಿಗಿಷ್ಟು, ತಾಯಿಗಿಷ್ಟು ಎಂದು ಹೆಸರು ಹೇಳಿ ಕೊಡುತ್ತವೆ. ಅದು ಮೀರಾಸೇ, ಅಥವಾ ಹೆಸರು ಹೇಳಿದವರಿಗೇ ಸೇರಿದ ಸ್ವಂತದ್ದೇ ಎಂಬುದರಲ್ಲಿ ಉಲಮಾಗಳ ನಡುವೆ ಎರಡು ಮಾತಿದೆ. ತೀರ್ಪಿನ ಪ್ರತಿ ಹಿಡಿದು ಮುಫ್ತಿಯವರನ್ನು ಕೇಳಿ. ಒಂದು ಮಾತು ಮಾತ್ರ ನೆನಪಿರಲಿ. ಯಾವ ಲೆಕ್ಕ ಹಿಡಿದರೂ ವಿಧವೆಯ ಪಾಲು ಸೊನ್ನೆ ಬರುವುದಿಲ್ಲ. ಹೆಣ್ಣುಮಕ್ಕಳ ಪಾಲೂ ಸೊನ್ನೆ ಬರುವುದಿಲ್ಲ. ಹಾಗೆಯೇ ಮಗನನ್ನು ನಂಬಿದ್ದ ಮುದಿ ತಾಯಿಯನ್ನು ಸೊಸೆಯ ಕಡೆಯವರು ಮರೆಯುವುದೂ ಅನ್ಯಾಯವೇ.

ಮಕ್ಕಳ ಪಾಲನ್ನು ಅವರು ಹದಿನೆಂಟು ತುಂಬುವವರೆಗೆ ಬ್ಯಾಂಕಿನ ಠೇವಣಿಯಲ್ಲಿ ಇಡಲು ನ್ಯಾಯಾಲಯಗಳು ಸಾಮಾನ್ಯವಾಗಿ ಆದೇಶಿಸುತ್ತವೆ. ಠೇವಣಿಯ ಬಡ್ಡಿ, ತೀರ್ಪಿನಲ್ಲಿ ಸೇರುವ ಬಡ್ಡಿ ಏನು ಮಾಡಬೇಕೆಂದು ಹಲವರು ಕೇಳುತ್ತಾರೆ. ಅದನ್ನೂ ಮುಫ್ತಿಯವರಿಂದ ತಿಳಿದುಕೊಳ್ಳಿ. ಬಡ್ಡಿಯ ಭಯದಿಂದ ಅಸಲನ್ನೇ ಬಿಟ್ಟುಕೊಡಬೇಡಿ, ಅಥವಾ "ಬ್ಯಾಂಕಿನಲ್ಲಿಟ್ಟರೆ ಹರಾಮ್" ಎಂದು ಹೇಳಿ ಮಕ್ಕಳ ಹಣವನ್ನು ನಿಮ್ಮ ಅಂಗಡಿಯಲ್ಲಿ ಹಾಕಿಕೊಳ್ಳಬೇಡಿ. ಯತೀಮರ ಮಾಲನ್ನು ಅನ್ಯಾಯವಾಗಿ ತಿನ್ನುವವರು ಹೊಟ್ಟೆಗೆ ಬೆಂಕಿಯನ್ನೇ ತುಂಬಿಕೊಳ್ಳುತ್ತಾರೆಂದು ಕುರ್‌ಆನ್ ಎಚ್ಚರಿಸಿದೆ. ಅದೇ ಅಧ್ಯಾಯ, ಮಕ್ಕಳು ದೊಡ್ಡವರಾದಾಗ ಸಾಕ್ಷಿಗಳ ಮುಂದೆ ಮಾಲು ಒಪ್ಪಿಸಿ ಎಂದೂ ಕಲಿಸಿದೆ.

ಪ್ರಯಾಣಕ್ಕೆ ಮುಂಚೆ

ಉಮ್ರಾಕ್ಕೆ ಹೊರಡುವವರು, ಕೆಲಸಕ್ಕೆಂದು ಕೊಲ್ಲಿಗೆ ಹಾರುವವರು, ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಗಾಡಿ ಹತ್ತುವ ಮುಂಚೆ ಒಂದು ಕಾಗದ ಬರೆದಿಡಿ. ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು, ಹೆಂಡತಿಯ ಮಹರ್ ಎಷ್ಟು ಉಳಿದಿದೆ, ಬ್ಯಾಂಕಿನ ಪಾಸ್‌ಬುಕ್ ಎಲ್ಲಿದೆ, ವಿಮೆ ಇದೆಯೇ ಎಂಬುದನ್ನೆಲ್ಲ ಬರೆಯಿರಿ. ವಸಿಯ್ಯತ್ ಮಾಡಬೇಕಾದ ವಿಷಯವಿದ್ದರೆ ಬರೆದಿಡದೆ ಎರಡು ರಾತ್ರಿ ಕಳೆಯುವುದು ಮುಸ್ಲಿಮನಿಗೆ ಸಲ್ಲದೆಂದು ಪ್ರವಾದಿ(ಸ) ಕಲಿಸಿದ್ದಾರೆ. ಟಿಕೆಟ್ಟಿನ ಒಂದು ಪ್ರತಿ ಮನೆಯಲ್ಲಿರಲಿ. ಪಾಸ್‌ಪೋರ್ಟಿನಲ್ಲಿ ಹೆಂಡತಿಯ ಹೆಸರು ಸರಿಯಾಗಿ ಇದೆಯೇ, ಆಧಾರಿನಲ್ಲಿ ಇರುವಂತೆಯೇ ಇದೆಯೇ ನೋಡಿಕೊಳ್ಳಿ. ಹೆಸರಿನ ಒಂದು ಅಕ್ಷರ ತಪ್ಪಿದ್ದಕ್ಕೆ ತಹಸೀಲ್ದಾರರ ಕಚೇರಿಯಲ್ಲಿ ವಂಶವೃಕ್ಷಕ್ಕಾಗಿ ತಿಂಗಳುಗಟ್ಟಲೆ ಅಲೆದವರನ್ನು ನಾವು ಕಂಡಿದ್ದೇವೆ.

ಜಮಾತಿನ ಹಿರಿಯರಿಗೂ ಒಂದು ಕೋರಿಕೆ. ಸಾವಿನ ಮನೆಗೆ ನಾವು ಊಟ ಕಳಿಸುತ್ತೇವೆ, ಖಬರಸ್ತಾನದವರೆಗೆ ನಡೆಯುತ್ತೇವೆ. ಇನ್ನು ಮುಂದೆ ವಿಧವೆಯ ಬಳಿಗೆ ಸಹಿಗಾಗಿ ಕಾಗದ ಬಂದರೆ ಅದನ್ನು ಓದಿ ಹೇಳಬಲ್ಲ ಒಬ್ಬರನ್ನೂ ಕಳಿಸೋಣ. ನಮ್ಮ ಮಸೀದಿಯಲ್ಲಿ ಇಬ್ಬರು ವಕೀಲರು ಈ ಕೆಲಸಕ್ಕೆ ಒಪ್ಪಿಕೊಂಡಿದ್ದಾರೆ.

ಕುಣಿಗಲ್‌ನ ಆ ಸಹೋದರಿಯ ವಿಷಯ ಹೇಳಿ ಮುಗಿಸುತ್ತೇವೆ. ಜಮಾತಿನ ಇಬ್ಬರು ಹಿರಿಯರ ಜೊತೆ ನಾವು ಅವಳ ಮೈದುನನ ಮನೆಗೆ ಹೋದೆವು. ಮೊದಲು ನಮ್ಮ ತಪ್ಪನ್ನು ಅವನ ಮುಂದೆಯೇ ಒಪ್ಪಿಕೊಂಡೆವು. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಲೆಕ್ಕಕ್ಕೆ ಕುಳಿತ. ಒಂದು ಭಾಗ ಎರಡು ಹೆಣ್ಣುಮಕ್ಕಳ ಹೆಸರಿಗೆ ಬ್ಯಾಂಕಿಗೆ ಹೋಯಿತು. ಇನ್ನುಳಿದದ್ದನ್ನು ಕಂತಿನಲ್ಲಿ ಕೊಡುತ್ತೇನೆಂದು ಸಾಕ್ಷಿಗಳ ಮುಂದೆ ಬರೆದುಕೊಟ್ಟಿದ್ದಾನೆ. ಪೂರ್ತಿ ತೀರಲು ಇನ್ನೂ ಸಮಯವಿದೆ. ಈ ಸಲ ಆ ಕಾಗದವನ್ನು ನಾವು ಓದಿದೆವು. ಅವಳಿಗೂ ಗಟ್ಟಿಯಾಗಿ ಓದಿ ಹೇಳಿದೆವು. ಎಲ್ಲ ಕೇಳಿದ ಮೇಲೆ ಅವಳು ಸಹಿ ಹಾಕಿದಳು.

ಅಲ್ಲಾಹನು ನಮ್ಮ ಪ್ರಯಾಣಗಳನ್ನು ಕ್ಷೇಮವಾಗಿಡಲಿ. ದುರಂತಗಳಲ್ಲಿ ಅಗಲಿದವರ ಮನೆಯವರಿಗೆ ಸಬರ್ ಕೊಡಲಿ. ಯತೀಮರ ಮತ್ತು ವಿಧವೆಯರ ಹಕ್ಕನ್ನು ಅವರಿಗೆ ತಲುಪಿಸುವ ಧೈರ್ಯವನ್ನು ನಮಗೆಲ್ಲರಿಗೂ ಕೊಡಲಿ. ಆಮೀನ್.